ರಿಸ್ಟೋರ್ ಮಾಡಿದ ಹಳೇ ಜಪಾನಿ ಕೂಪೆ ಕೊಳ್ಳುವಾಗ ಏನೇನು ನೋಡಬೇಕು

ಟೊಯೋಟಾ ಎಇ86, ಸುಪ್ರಾ, ಮಜ್ದಾ ಆರ್‌ಎಕ್ಸ್-7, ನಿಸ್ಸಾನ್ 300ಝಡ್‌ಎಕ್ಸ್. ಎಂಬತ್ತರ ದಶಕದ ಈ ಕೂಪೆಗಳು, ಅಂದರೆ ಎರಡು ಬಾಗಿಲಿನ ಸ್ಪೋರ್ಟಿ ಕಾರುಗಳು, ಹುಬ್ಬಳ್ಳಿ-ಧಾರವಾಡದ ಕಡೆ ಮಾರಾಟಕ್ಕೆ ಬರೋದೇ ಅಪರೂಪ. ಹಾಗಾಗಿ ಬಂತು ಅಂತ ಗೊತ್ತಾದ ಕೂಡಲೇ ಟೋಕನ್ ಕೊಟ್ಟುಬಿಡೋಣ ಅನ್ನಿಸುತ್ತದೆ. ತಡೀರಿ.

ಮೊದಲು ಕಾಗದ. ಗಾಡಿಯ ಮುಖ ನೋಡುವ ಮುಂಚೆಯೇ ಆರ್‌ಸಿ ಕೇಳಿ. ನಮ್ಮ ದೇಶಕ್ಕೆ ಸೆಕೆಂಡ್‌ಹ್ಯಾಂಡ್ ಕಾರು ತರಬೇಕಾದರೆ ಅದು 3 ವರ್ಷಕ್ಕಿಂತ ಹಳೆಯದಾಗಿರಬಾರದು ಅನ್ನೋದು ಸಾಮಾನ್ಯ ನಿಯಮ. ಅಂದಮೇಲೆ 1985ರ ಗಾಡಿ "ಹೋದ ವರ್ಷ ಜಪಾನಿಂದ ತರಿಸೇವ್ರಿ" ಅಂತ ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಬರಬೇಕು. ಸರಿಯಾದ ಗಾಡಿಗಳು ಆ ಕಾಲದಲ್ಲೇ, ಗಲ್ಫ್‌ನಿಂದ ವಾಪಸ್ ಬಂದವರ ಜೊತೆಗೋ ರಾಯಭಾರ ಕಚೇರಿಗಳ ಮೂಲಕವೋ ಸುಂಕ ಕಟ್ಟಿ ಬಂದಂಥವು. ಆ ಕಸ್ಟಮ್ಸ್ ಕಾಗದ ಇದೆಯಾ ಕೇಳಿ.

ಆಮೇಲೆ ಚಾಸಿ ನಂಬರ್. ಜಪಾನಿನಲ್ಲೇ ಮಾರಿದ ಎಇ86 ಆದರೆ ನಂಬರ್ 'ಎಇ86' ಅಂತಲೇ ಶುರುವಾಗುತ್ತದೆ, ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ತಗಡಿನ ಮೇಲೆ ಒತ್ತಿರುತ್ತಾರೆ. ಸುತ್ತ ವೆಲ್ಡಿಂಗ್ ಗುರುತು, ಉಜ್ಜಿದ ಗುರುತು ಇದ್ದರೆ ಮಾತು ಮುಂದುವರಿಸಬೇಡಿ. ಗೋವಾ, ಮುಂಬೈ ನಂಬರಿನ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಇಲ್ಲಿ ಕೆಎ-25ಗೋ ಕೆಎ-63ಗೋ ಬದಲಾಯಿಸುವಾಗ ಟ್ಯಾಕ್ಸ್ ಬೇರೆ ಕಟ್ಟಬೇಕು. ರೇಟು ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. 15 ವರ್ಷ ದಾಟಿದ ಗಾಡಿ, ಹಾಗಾಗಿ ಆರ್‌ಸಿ 5 ವರ್ಷಕ್ಕೊಮ್ಮೆ ನವೀಕರಣ ಆಗಿರಬೇಕು. "ವಿಂಟೇಜ್ ಗಾಡಿ, ಅದೆಲ್ಲಾ ಬೇಕಾಗಿಲ್ರಿ" ಅಂದರೆ ನಂಬಬೇಡಿ. ವಿಂಟೇಜ್ ಅನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ಆಗಬೇಕು, 1985ರ ಗಾಡಿಗೆ ಆ ಭಾಗ್ಯ ಬರೋದು 2035ಕ್ಕೆ.

ಈಗ ಬಾಡಿ. ನನ್ನ ಪ್ರಕಾರ ಎಂಜಿನ್‌ಗಿಂತ ಇದೇ ಮುಖ್ಯ, ಯಾಕಂದ್ರೆ ಎಂಜಿನ್ ಬಿಚ್ಚಿ ಕಟ್ಟಬಹುದು, ಒಳಗಿನಿಂದ ತುಕ್ಕು ತಿಂದ ಬಾಡಿಗೆ ಹಾಕಿದ ದುಡ್ಡಿಗೆ ಲೆಕ್ಕವೇ ಇರುವುದಿಲ್ಲ. ಹೊಳೆಯುವ ಪೇಂಟ್ ಏನನ್ನೂ ಹೇಳುವುದಿಲ್ಲ. ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿಕೊಂಡು ಹೋಗಿ, ಹಿಂದಿನ ಗಾಲಿಯ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಗ್ಲಾಸಿನ ಬುಡ, ಎಲ್ಲಾ ಕಡೆ ಹಿಡಿದು ನೋಡಿ. ಕಬ್ಬಿಣದ ತಗಡಿಗೂ ಅಂಟದಿದ್ದರೆ ಒಳಗೆ ದಪ್ಪ ಪುಟ್ಟಿ ಇದೆ ಅಂತಲೇ ಅರ್ಥ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆಸಿ, ಆ ಗುಂಡಿಯಲ್ಲಿ ನೀರಿನ ಕಲೆ ಇದೆಯಾ ನೋಡಿ. ಆಮೇಲೆ ಗೋಕುಲ ರೋಡಿನಲ್ಲಿ ಯಾವುದಾದರೂ ವಾಟರ್ ಸರ್ವಿಸಿಂಗ್ ರ‍್ಯಾಂಪ್ ಮೇಲೆ ಹತ್ತಿಸಿ, ಆದರೆ ತೊಳೆಸುವ ಮುಂಚೆ ನೋಡಿ! ನಮ್ಮ ಕಡೆ ಎರೆ ಮಣ್ಣು ಮಡ್‌ಗಾರ್ಡ್ ಒಳಗೆ ಒಮ್ಮೆ ಕೂತರೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ, ತುಕ್ಕು ಅಲ್ಲಿಂದಲೇ ಶುರು. ಕೆಳಗೆಲ್ಲಾ ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ದರೆ ನನಗಂತೂ ಖುಷಿಗಿಂತ ಭಯ ಜಾಸ್ತಿ.

ಮಾಲೀಕರ ಹತ್ತಿರ ಪೇಂಟ್ ಹೊಡೆಯುವ ಮುಂಚಿನ ಫೋಟೋ ಕೇಳಿ. ನಿಜವಾಗಿ ರಿಸ್ಟೋರ್ ಮಾಡಿಸಿದವರ ಫೋನ್ ತುಂಬಾ ಅವೇ ಇರುತ್ತವೆ, ನೀವು ಸಾಕು ಅನ್ನುವ ತನಕ ತೋರಿಸುತ್ತಾರೆ. "ಎಲ್ಲಾ ಹೊಸದ ಹಾಕೇವ್ರಿ" ಅಂತ ಬಾಯಲ್ಲಿ ಮಾತ್ರ ಹೇಳಿದರೆ ಸುಮ್ನೆ ಡೆಂಟಿಂಗ್-ಪೇಂಟಿಂಗ್ ಅಷ್ಟೇ.

ಎಂಜಿನ್ ವಿಷಯಕ್ಕೆ ಬಂದರೆ, ಬೆಳಿಗ್ಗೆ ಹೋಗಿ ಮತ್ತು ನೀವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿ, ಬಿಸಿ ಇದ್ದರೆ ಯಾಕೆ ಅಂತ ಕೇಳಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಎಇ86ನ 1.6 ಲೀಟರ್ ಟ್ವಿನ್ ಕ್ಯಾಮ್ ಎಂಜಿನ್ ಗಟ್ಟಿ, ನಮ್ಮ ಮೇಸ್ತ್ರಿಗಳಿಗೂ ಅರ್ಥವಾಗುವಂಥದ್ದು. 1986ರ ನಂತರದ ಟರ್ಬೋ ಸುಪ್ರಾದಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗೋದು ಹೆಸರುವಾಸಿ ತೊಂದರೆ, ಬದಲಾಯಿಸಿದ ಬಿಲ್ ಕೇಳಿ. ಆರ್‌ಎಕ್ಸ್-7ರದು ರೋಟರಿ ಎಂಜಿನ್, ಪಿಸ್ಟನ್ನೇ ಇಲ್ಲ. ಅದು ಸ್ವಲ್ಪ ಆಯಿಲ್ ಸುಡೋದು ಸಹಜ. ಆದರೆ ಕಂಪ್ರೆಷನ್, ಅಂದರೆ ಎಂಜಿನ್ ಒಳಗಿನ ಒತ್ತಡ, ಸರಿಯಾಗಿ ಅಳೆಯಲು ಬೇರೆಯದೇ ಮೀಟರ್ ಬೇಕು, ಅದು ನಿಮ್ಮ ಮೇಸ್ತ್ರಿ ಹತ್ತಿರ ಇಲ್ಲದಿದ್ದರೆ ಆ ಗಾಡಿಯ ಆಸೆ ಬಿಡೋದೇ ವಾಸಿ.

ಓಡಿಸುವಾಗ ಬೈಪಾಸ್‌ನಲ್ಲಿ ಒಂದು ಸುತ್ತು ಹಾಕಿ ಬಂದರೆ ಸಾಲದು. ಸಂಜೆ ವಿದ್ಯಾನಗರದ ಟ್ರಾಫಿಕ್‌ಗೆ ಒಯ್ಯಿರಿ, ಟೆಂಪರೇಚರ್ ಮುಳ್ಳು ಮೇಲೇರುತ್ತದಾ ಗೊತ್ತಾಗುತ್ತದೆ.

ಬೀಡಿಂಗ್, ಲೈಟಿನ ಗ್ಲಾಸು, ಡ್ಯಾಶ್‌ಬೋರ್ಡಿನ ಗುಂಡಿಗಳು, ಇಂಥ ಚಿಲ್ಲರೆ ಸಾಮಾನು ಎಲ್ಲಾ ಇವೆಯಾ ಎಣಿಸಿ, ಸಿಗದೆ ಸತಾಯಿಸುವುದು ಇವೇ. ಟೊಯೋಟಾ 2021ರಲ್ಲಿ ಎಇ86ಕ್ಕೆ ಕೆಲವು ಬಿಡಿಭಾಗ ಮತ್ತೆ ತಯಾರಿಸುವುದಾಗಿ ಹೇಳಿತು, ಹಿಂದಿನ ಬ್ರೇಕ್ ಕ್ಯಾಲಿಪರ್ ಅದರಲ್ಲಿ ಒಂದು.

ತಗೊಂಡ ಮೇಲೆ ಮೊದಲ ಕೆಲಸ ಪೆಟ್ರೋಲ್ ಪೈಪ್ ಬದಲಾಯಿಸುವುದು. ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಬೆರೆಸಿದ ಪೆಟ್ರೋಲ್, ಆ ಕಾಲದ ರಬ್ಬರ್ ಅದಕ್ಕೆ ತಕ್ಕಂತೆ ಮಾಡಿದ್ದಲ್ಲ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ. ಜೊತೆಗೆ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್, ಬ್ರೇಕ್ ಆಯಿಲ್, ಟೈರಿನ ಮೇಲೆ ನಾಲ್ಕಂಕಿಯಲ್ಲಿ ಬರೆದ ತಯಾರಾದ ವಾರ-ವರ್ಷ ನೋಡಿ ಹಳೆಯದಾದರೆ ಟೈರೂ ಬದಲಾಗಲಿ. ಇನ್ಶೂರೆನ್ಸ್ ಮಾಡಿಸುವಾಗ ಗಾಡಿಯ ಬೆಲೆಯನ್ನು ಕಂಪನಿ ಜೊತೆ ಮಾತಾಡಿಯೇ ಬರೆಸಬೇಕು. ಆಗ ರಿಸ್ಟೋರ್ ಬಿಲ್ಲು, ಫೋಟೋ ಎಲ್ಲಾ ಮುಂದಿಡಿ.