ಹಳೆಯ ಕಲ್ಲಿದ್ದಲು ಘಟಕದ ಅಪಾಯವನ್ನು 96 ಬ್ಲಾಕ್‌ಗಳಲ್ಲಿ ಅಳೆಯುವ ಬಗೆ

ಸೌರ, ಪವನ ವಿದ್ಯುತ್ ಹೆಚ್ಚಿದಂತೆ ಕಲ್ಲಿದ್ದಲು ಘಟಕದ ಗತಿಯೇನು ಎಂದು ಲೆಕ್ಕ ಹಾಕಲು ಕೂತಾಗ ನಾನು ವರ್ಷದ ಸರಾಸರಿ ಪಿಎಲ್‌ಎಫ್ (ಪೂರ್ಣ ಸಾಮರ್ಥ್ಯದಲ್ಲಿ ಸದಾ ಓಡಿದ್ದರೆ ಸಿಗುತ್ತಿದ್ದ ವಿದ್ಯುತ್ತಿನಲ್ಲಿ ನಿಜವಾಗಿ ಬಂದ ಪಾಲು) ಹಿಡಿದು ಹೊರಡುವುದಿಲ್ಲ. ರಾಯಚೂರಿನಲ್ಲಿರುವಂಥ 210 ಮೆಗಾವ್ಯಾಟ್ ಘಟಕದ ಪಿಎಲ್‌ಎಫ್ 50% ಎಂದರೆ, ಅದು ಹೆಚ್ಚಿನ ದಿನ ಕಡಿಮೆ ಲೋಡಿನಲ್ಲಿ ಓಡಿತೋ, ಆರು ತಿಂಗಳು ತುಂಬು ಲೋಡಿನಲ್ಲಿ ಓಡಿ ಆರು ತಿಂಗಳು ನಿಂತೇ ಇತ್ತೋ ತಿಳಿಯುವುದಿಲ್ಲ. ಎರಡರ ಖರ್ಚೂ ಬೇರೆ, ಅಪಾಯವೂ ಬೇರೆ.

ಹಾಗಾಗಿ ಮೊದಲ ಕೆಲಸ, ದಿನದ 15 ನಿಮಿಷದ 96 ಬ್ಲಾಕ್‌ಗಳ ಉತ್ಪಾದನೆಯನ್ನು ತಿಂಗಳವಾರು ಎಕ್ಸೆಲ್‌ಗೆ ಹಾಕುವುದು. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗಿನ 41ರಿಂದ 60ನೇ ಬ್ಲಾಕ್, ಸಂಜೆ 6ರಿಂದ ರಾತ್ರಿ 10ರವರೆಗಿನ 73ರಿಂದ 88ನೇ ಬ್ಲಾಕ್, ಇವೆರಡನ್ನೂ ಬೇರೆಬೇರೆ ಕೂಡಿಸುತ್ತೇನೆ. ಘಟಕವನ್ನು ನಿಲ್ಲಿಸದೆ ಇಳಿಸಬಹುದಾದ ಕನಿಷ್ಠ ಲೋಡ್ 55% ಎಂದರೆ 115.5 ಮೆಗಾವ್ಯಾಟ್. ಹಗಲಿನ ಬ್ಲಾಕ್‌ಗಳು ಆ ಗೆರೆಗೆ ಅಂಟಿಕೊಂಡಿದ್ದರೆ ಘಟಕವನ್ನು ಸಂಜೆಗಾಗಿ ಮಾತ್ರ ಉಳಿಸಿಕೊಂಡಿದ್ದಾರೆ ಎಂದು ಅರ್ಥ.

ಆಮೇಲೆ ಸ್ಥಿರ ವೆಚ್ಚ. ಉದಾಹರಣೆಗೆ ವರ್ಷಕ್ಕೆ 200 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. 85% ಪಿಎಲ್‌ಎಫ್‌ನಲ್ಲಿ ಉತ್ಪಾದನೆ ಸುಮಾರು 156 ಕೋಟಿ ಯೂನಿಟ್, ಯೂನಿಟ್‌ಗೆ ಬೀಳುವುದು 1.28 ರೂ. ಪಿಎಲ್‌ಎಫ್ 50%ಕ್ಕೆ ಇಳಿದರೆ ಅದೇ 2.17 ರೂ. ಇಲ್ಲಿ ಬಹಳ ಜನ ಎಡವುತ್ತಾರೆ: ಈ ಏರಿಕೆಯನ್ನು ಮೆರಿಟ್ ಆರ್ಡರ್‌ಗೂ, ಅಂದರೆ ಅಗ್ಗದ ಘಟಕವನ್ನು ಮೊದಲು ಓಡಿಸುವ ಸರದಿ ಪಟ್ಟಿಗೂ, ಸೇರಿಸಿಬಿಡುತ್ತಾರೆ. ಯಾವ ಘಟಕ ಮೊದಲು ಓಡಬೇಕೆಂದು ತೀರ್ಮಾನಿಸುವುದು ಇಂಧನದ ಚರ ವೆಚ್ಚ ಮಾತ್ರ. ಸ್ಥಿರ ವೆಚ್ಚವನ್ನು ಘಟಕ ನಿಂತರೂ ಎಸ್ಕಾಂಗಳು, ಅಂದರೆ ಕೊನೆಗೆ ಗ್ರಾಹಕರು, ಕಟ್ಟುತ್ತಲೇ ಇರುತ್ತಾರೆ.

ಚರ ವೆಚ್ಚವೂ ಒಂದೇ ಸಮನಿರುವುದಿಲ್ಲ. ಲೋಡ್ ಇಳಿದಷ್ಟೂ ಹೀಟ್ ರೇಟ್, ಅಂದರೆ ಒಂದು ಯೂನಿಟ್‌ಗೆ ಬೇಕಾಗುವ ಶಾಖ, ಕೆಡುತ್ತದೆ. 55ರಿಂದ 65% ಲೋಡಿನಲ್ಲಿ ಇಂಥ ಸಬ್‌ಕ್ರಿಟಿಕಲ್ (ಕಡಿಮೆ ಒತ್ತಡದ ಹಬೆಯ ಹಳೆ ಬಗೆಯ) ಘಟಕಕ್ಕೆ ನಾನು 6% ಹೆಚ್ಚು ಇಂಧನ ಹಿಡಿಯುತ್ತೇನೆ. ಪೂರ್ತಿ ನಿಲ್ಲಿಸಿ ಮತ್ತೆ ಹೊತ್ತಿಸಿದರೆ ಎಣ್ಣೆಯ ಖರ್ಚು, ಬಾಯ್ಲರ್ ಟ್ಯೂಬಿನ ಸವೆತ ಬೇರೆ.

ಇಂಗಾಲದ ದರ ಸೇರಿಸುವುದು ಸುಲಭ. ಹಳೆಯ ಘಟಕ ಯೂನಿಟ್‌ಗೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಟನ್ನಿಗೆ 1000 ರೂ. ದರ ಊಹಿಸಿದರೆ ಯೂನಿಟ್‌ಗೆ 1 ರೂ. ಏರಿತು. ಹೊಗೆಯಿಂದ ಗಂಧಕದ ಡೈಆಕ್ಸೈಡ್ ತೆಗೆಯುವ ಎಫ್‌ಜಿಡಿ ಯಂತ್ರ ಹಾಕುವ ವೆಚ್ಚವನ್ನು ಮಾತ್ರ ಖಚಿತ ಎಂದು ಬರೆಯಬೇಡಿ. 2015ರ ನಿಯಮ ಎಲ್ಲ ಘಟಕಗಳಿಗೂ ಆ ಅನಿಲದ ಮಿತಿ ಹಾಕಿತು, 2025ರ ಜುಲೈನಲ್ಲಿ ಹೆಚ್ಚಿನ ಘಟಕಗಳಿಗೆ ವಿನಾಯಿತಿ ಸಿಕ್ಕಿತು. ನೀತಿ ಎರಡೂ ಕಡೆಗೆ ಹೊರಳುತ್ತದೆ.

ಕರ್ನಾಟಕದಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಮಳೆಯಿಂದ. ಮುಂಗಾರು ಚೆನ್ನಾಗಿದ್ದರೆ ಶರಾವತಿಯ ನೀರು, ಗಾಳಿ ಎರಡೂ ಒಟ್ಟಿಗೆ ಬಂದು ಕಲ್ಲಿದ್ದಲು ಘಟಕ ಬೇಡವೆನ್ನಿಸುತ್ತದೆ. 2023ರಂಥ ಬರದಲ್ಲಿ ಜಲಾಶಯ ಬರಿದು, ಪಂಪ್‌ಸೆಟ್ ಬೇಡಿಕೆ ಜೋರು. ಆ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರ ವಿದ್ಯುತ್ತನ್ನು ರಾಜ್ಯದಲ್ಲೇ ಉಳಿಸಿಕೊಳ್ಳಬೇಕಾಯಿತು. ಜತೆಗೆ, ಕೃಷಿ ಫೀಡರ್‌ಗಳು ಹಗಲಿಗೆ ಹೊರಳಿದಷ್ಟೂ ಸೌರ ವಿದ್ಯುತ್ತಿನಿಂದ ಕಲ್ಲಿದ್ದಲು ಘಟಕಕ್ಕೆ ಬೀಳುವ ಮಧ್ಯಾಹ್ನದ ತಗ್ಗು ತುಂಬುತ್ತದೆ. ಹಾಗಾಗಿ ಹಿಂದಿನ ಮೂರು ವರ್ಷದ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದರೆ ಉತ್ತರ ಸುಳ್ಳಾಗುತ್ತದೆ.

ಆದ್ದರಿಂದ ಮೂರು ಶೀಟ್ ಮಾಡುತ್ತೇನೆ: ಒಳ್ಳೆ ಮಳೆ, ಬರ, ಮತ್ತು ನಾಲ್ಕು ಗಂಟೆಯ ಬ್ಯಾಟರಿ ಸೇರಿದ ವರ್ಷ. ಬ್ಯಾಟರಿ ಮೊದಲು ಕಸಿಯುವುದು ಸಂಜೆಯ 73ರಿಂದ 88ನೇ ಬ್ಲಾಕ್‌ಗಳನ್ನೇ. ಆ ಆದಾಯ ಹೋದಮೇಲೂ ಬರದ ಶೀಟಿನಲ್ಲಿ ಘಟಕ ತುಂಬು ಲೋಡಿನಲ್ಲಿ ಕಂಡರೆ, ಮುಚ್ಚುವ ಮಾತಿಗಿಂತ ಮೊದಲು ಮೀಸಲಾಗಿ ಇಟ್ಟುಕೊಳ್ಳಲು ತಗಲುವ ಖರ್ಚನ್ನು ಅಷ್ಟೇ ವಿದ್ಯುತ್ತನ್ನು ಹೊರಗಿನಿಂದ ಕೊಳ್ಳುವ ಖರ್ಚಿನ ಪಕ್ಕದಲ್ಲಿ ಬರೆಯುತ್ತೇನೆ.