ಕಡಲ ಗಾಳಿ ವಿದ್ಯುತ್ತಿನ ಕರಡು ನಿಯಮ: ಆಕ್ಷೇಪಣೆ ಬರೆದ ಅನುಭವ

ಕಡಲಿನಲ್ಲಿ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತೆಗೆಯುವ ಯೋಜನೆಗಳ ಕರಡು ನಿಯಮ ಹೊರಬಿದ್ದಾಗ ಮೀನುಗಾರರ ಸಂಘಗಳು ಸಾಮಾನ್ಯವಾಗಿ ಕಳಿಸುವುದು ಒಂದು ಪುಟದ ಮನವಿ: ನಮ್ಮ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತದೆ, ಯೋಜನೆ ಕೈಬಿಡಿ. ಮಾತು ನಿಜವೇ. ಆದರೆ ಕರಡು ತಿದ್ದುವವರು ಕೆಲಸ ಮಾಡುವುದು ಒಂದೊಂದೇ ನಿಯಮ ಹಿಡಿದು. ಹಾಗಾಗಿ ನಾನು ಬರೆದುಕೊಡುವಾಗ ನಾಲ್ಕು ಕಾಲಂ ಹಾಕುತ್ತೇನೆ: ನಿಯಮದ ಸಂಖ್ಯೆ, ಈಗಿರುವ ವಾಕ್ಯ, ನಮಗೆ ಬೇಕಾದ ವಾಕ್ಯ, ಕಾರಣ. ಮೂರನೆಯದನ್ನು ಖಾಲಿ ಬಿಟ್ಟರೆ ಉಳಿದದ್ದೆಲ್ಲ ದಂಡ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ; ಗಣಿಗೆ ನಡೆಯುವಂಥ ಅಹವಾಲು ಸಭೆ ಅದರಡಿ ಕಡ್ಡಾಯವಲ್ಲ. 2023ರ ಡಿಸೆಂಬರಿನ ಕಡಲ ಗಾಳಿ ವಿದ್ಯುತ್ ಗುತ್ತಿಗೆ ನಿಯಮಗಳ ಪ್ರಕಾರ ಸರ್ವೆಗೆ 3 ವರ್ಷ, ಆಮೇಲೆ ಕಟ್ಟಿ ನಡೆಸಲು 35 ವರ್ಷ. ಗುತ್ತಿಗೆ ಷರತ್ತಿನಲ್ಲಿ ಬಾರದ್ದನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ. ಮೊದಲ ಹಂತ ಗುಜರಾತ್, ತಮಿಳುನಾಡಿನದು, ನಮ್ಮ ಕರಾವಳಿಯದಲ್ಲ. ಆದರೂ ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಮಹಾರಾಷ್ಟ್ರದ ಕಡಲಿನವರೆಗೂ ಹೋಗುತ್ತವೆ. ನಾಡಿನ ಗಡಿ ಮೀನಿಗಿಲ್ಲ.

ಕೇಂದ್ರದ 2014ರ ಸಮಾಲೋಚನಾ ನೀತಿ ಕರಡಿನ ಬಗ್ಗೆ ಅಭಿಪ್ರಾಯ ಹೇಳಲು ಕನಿಷ್ಠ 30 ದಿನ ಕೊಡುತ್ತದೆ. ಬೋಟು ಒಮ್ಮೆ ಹೊರಟರೆ ಹತ್ತು ದಿನ ದಡಕ್ಕೆ ಬರುವುದಿಲ್ಲ. ಆದ್ದರಿಂದ ಗಡುವು ವಿಸ್ತರಿಸಲು ಕೋರುವ ಪತ್ರ ಮೊದಲ ವಾರವೇ ಹೋಗಬೇಕು. ಬೋಟಿನ ದಾರಿಯ ದಾಖಲೆ ಸಂಗ್ರಹಿಸಲು ಒಳ್ಳೆಯ ಕಾಲ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿ. ಆಗ ತಾಂಡೇಲರು (ಬೋಟು ನಡೆಸುವ ಮುಖ್ಯಸ್ಥರು) ಕೈಗೆ ಸಿಗುತ್ತಾರೆ, ಬೋಟೂ ದಕ್ಕೆಯಲ್ಲೇ ಇರುತ್ತದೆ.

ಆ ದಾಖಲೆಯಿಂದ ಮಾಡುವ ನಕ್ಷೆ ಕೆಡುವುದು ಒಂದೇ ಜಾಗದಲ್ಲಿ. ಬೋಟಿನ ಜಿಪಿಎಸ್ ಸಾಮಾನ್ಯವಾಗಿ ಡಿಗ್ರಿ ಮತ್ತು ಮಿನಿಟು ತೋರಿಸುತ್ತದೆ. ಕಂಪ್ಯೂಟರಿನ ನಕ್ಷೆಗೆ ಬೇಕಾದದ್ದು ದಶಮಾಂಶ ಡಿಗ್ರಿ. 12 ಡಿಗ್ರಿ 30 ಮಿನಿಟನ್ನು 12.30 ಎಂದು ಬರೆದರೆ ಗುರುತು 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರ್, ತೆಂಕಕ್ಕೆ ಸರಿಯುತ್ತದೆ. ಮಿನಿಟನ್ನು 60ರಿಂದ ಭಾಗಿಸಿ 12.50 ಎಂದು ಬರೆಯಬೇಕು. ಹೀಗೆ ಜಾರಿದ ಒಂದು ಗುರುತು ಎದುರಿನವರ ಕಣ್ಣಿಗೆ ಬಿದ್ದರೆ ಇಡೀ ನಕ್ಷೆಯ ಮೇಲೆ ನಂಬಿಕೆ ಹೋಗುತ್ತದೆ. ಪ್ರತಿ ಗುರುತಿನ ಪಕ್ಕ ತಿಂಗಳು, ಬಲೆಯ ಬಗೆ, ಆಳ ಬರೆಯಿರಿ. ತಾಂಡೇಲರು ಆಳವನ್ನು ಮಾರಿನಲ್ಲಿ ಹೇಳಿದರೆ 1.83ರಿಂದ ಗುಣಿಸಿ ಮೀಟರಿಗೆ ತನ್ನಿ.

ಬೇಡಿಕೆಯಲ್ಲಿ ಅಂಕಿ ಇರಲೇಬೇಕು. ಅಂತರರಾಷ್ಟ್ರೀಯ ಸಮುದ್ರ ಕಾನೂನು ಇಂಥ ರಚನೆಗಳ ಸುತ್ತ ಸಾಮಾನ್ಯವಾಗಿ 500 ಮೀಟರಿನವರೆಗೆ ಸುರಕ್ಷತಾ ವಲಯಕ್ಕೆ ಅವಕಾಶ ಕೊಡುತ್ತದೆ. ಗಾಳಿಯಂತ್ರಗಳ ನಡುವೆ 1,500 ಮೀಟರ್ ಇದ್ದರೆ, ಎರಡೂ ಕಡೆ ಕಳೆದು ಉಳಿಯುವುದು 500 ಮಾತ್ರ. ಆಳದ ನಾಲ್ಕೈದು ಪಟ್ಟು ಹಗ್ಗ ಬಿಟ್ಟು ಬಲೆ ಎಳೆಯುವ ಟ್ರಾಲರಿಗೆ ನೀರಿನ ಸೆಳೆತವೂ ಸೇರಿದರೆ ಅಷ್ಟರಲ್ಲಿ ತಿರುಗುವುದು ಅಪಾಯ. ಹೀಗಾಗಿ "500 ಮೀಟರ್ ನಿರ್ಬಂಧ ನಿರ್ಮಾಣದ ಅವಧಿಗೆ ಮಾತ್ರ, ನಂತರ ಬೋಟುಗಳ ಸಂಚಾರ ಮುಕ್ತ" ಎಂಬ ವಾಕ್ಯವನ್ನೇ ಬರೆದುಕೊಡುತ್ತೇನೆ. ಸಮುದ್ರತಳದಲ್ಲಿ ವಿದ್ಯುತ್ ಕೇಬಲ್ ಹೂಳುವ ಆಳವನ್ನೂ "ಸಾಕಷ್ಟು" ಎಂದು ಬಿಡದೆ ಮೀಟರಿನಲ್ಲಿ ನಮೂದಿಸಬೇಕು, ಮಳೆಗಾಲದ ನಂತರ ಮರುಸರ್ವೆ ಆಗಬೇಕು. ಮರಳು ಸರಿದು ಕೇಬಲ್ ಹೊರಬಂದರೆ ಟ್ರಾಲ್ ಬಲೆಯ ಹಲಗೆ ಸಿಕ್ಕಿಕೊಳ್ಳುತ್ತದೆ. ಬಲೆ ಹೋದ ನಷ್ಟ ಯಾರು, ಎಷ್ಟು ದಿನದಲ್ಲಿ ಕೊಡಬೇಕೆಂಬುದೂ ಷರತ್ತಿನಲ್ಲೇ ಇರಲಿ.

ಇಮೇಲಿನಲ್ಲಿ ಕಳಿಸಿ ಸ್ವೀಕೃತಿ ಕೇಳಿ ಪಡೆಯಿರಿ. ಬಂದ ಅಭಿಪ್ರಾಯಗಳ ಸಾರಾಂಶವನ್ನು ಇಲಾಖೆ ತನ್ನ ಜಾಲತಾಣದಲ್ಲಿ ಹಾಕಬೇಕೆಂದು ಅದೇ 2014ರ ನೀತಿ ಹೇಳುತ್ತದೆ. ಹಾಕದಿದ್ದರೆ ಮಾಹಿತಿ ಹಕ್ಕಿನಡಿ ಸಾರಾಂಶವನ್ನೂ ನಿಮ್ಮ ಪತ್ರದ ಮೇಲಿನ ಕಡತ ಟಿಪ್ಪಣಿಯನ್ನೂ ಕೇಳಿ.