ಕೊಡಗಿನ ಮಳೆಯಲ್ಲಿ ಟವರ್ ಲೆಕ್ಕ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾನು ಮೊಬೈಲ್ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿದ್ದೆ. ಜೋಡುಪಾಲ, ಮಕ್ಕಂದೂರು ಕಡೆಯ ಸುದ್ದಿಯನ್ನು ಎಲ್ಲರೂ ಟಿವಿಯಲ್ಲಿ ನೋಡುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಸ್ಕ್ರೀನಿನ ಮೇಲಿನ ಹಸಿರು ಚುಕ್ಕಿ, ಕೆಂಪು ಚುಕ್ಕಿ. ಯಾವ ಟವರ್ ನಡೀತಿದೆ, ಯಾವುದು ನಿಂತಿದೆ ಅಂತ ಹೊತ್ತು ಹೊತ್ತಿಗೆ ವರದಿ ಕಳಿಸುವುದು ನನ್ನ ಕೆಲಸ.

ಸುಮ್ನೆ ಕೆಂಪು ಚುಕ್ಕಿ ಎಣಿಸಿ ಕಳಿಸಿದರೆ ಯಾರಿಗೂ ಉಪಯೋಗ ಇಲ್ಲ. ಯಾಕೆ ನಿಂತಿತು ಅಂತ ಗೊತ್ತಾದರೆ ತಾನೇ ಜನರೇಟರ್‌ಗೆ ಡೀಸೆಲ್ ಕಳಿಸಬೇಕೋ, ಟವರ್‌ಗಳಿಗೆ ಸಂಪರ್ಕ ಕೊಡುವ ಫೈಬರ್ ಕೇಬಲ್ ಜೋಡಿಸುವವರನ್ನು ಕಳಿಸಬೇಕೋ ಅನ್ನುವುದು? ಅದಕ್ಕೆ ನಾನು ಅಲಾರ್ಮ್‌ಗಳು, ಅಂದರೆ ಟವರ್‌ಗಳಿಂದ ತಾನಾಗಿ ಬರುವ ಎಚ್ಚರಿಕೆ ಸಂದೇಶಗಳು, ಬಂದ ಕ್ರಮ ನೋಡುತ್ತಿದ್ದೆ. ಕರೆಂಟ್ ಇದ್ದಾಗ ಬ್ಯಾಟರಿ ವೋಲ್ಟೇಜ್ 54ರ ಆಸುಪಾಸು ಇರುತ್ತದೆ. ಕರೆಂಟ್ ಹೋಗಿ ಜನರೇಟರ್ ಹತ್ತದಿದ್ದರೆ 50, 48, 46 ಅಂತ ಇಳಿಯುತ್ತಾ ಬಂದು, 44ರ ಹತ್ತಿರ ಟವರ್ ಮಲಗುತ್ತದೆ. ಹಾಗೆ ನಿಧಾನವಾಗಿ ಸತ್ತದ್ದಕ್ಕೆ ಡೀಸೆಲ್ ಬೇಕು. ಯಾವ ಸೂಚನೆಯೂ ಇಲ್ಲದೆ ನಾಲ್ಕೈದು ಟವರ್ ಒಂದೇ ಸಲ ಹೋದರೆ ಸಾಮಾನ್ಯವಾಗಿ ಆ ಟವರ್‌ಗಳಿಗೆ ಏನೂ ಆಗಿರುವುದಿಲ್ಲ. ರಸ್ತೆ ಬದಿಯ ಫೈಬರ್ ಮಣ್ಣಿನ ಜೊತೆ ಹೋಗಿರುತ್ತದೆ, ಇಲ್ಲವೇ ಅವಕ್ಕೆಲ್ಲ ಲಿಂಕ್ ಕೊಡುವ ಹಬ್ ಟವರ್ ಕೆಟ್ಟು ನಿಂತಿರುತ್ತದೆ. ಆಗ ಮೊದಲು ಹಬ್ ನೋಡಬೇಕು.

"ಮೇಡಂ, ಡೀಸೆಲ್ ಇದೆ, ರೋಡೇ ಇಲ್ಲ" ಅಂತ ಮಡಿಕೇರಿ ಕಡೆಯ ನಮ್ಮ ಟೆಕ್ನಿಷಿಯನ್ ಫೋನ್ ಮಾಡಿದ. ಅದು ಯಾವ ಅಲಾರ್ಮ್‌ನಲ್ಲೂ ಬರುವುದಿಲ್ಲ. ಅವತ್ತೇ ವರದಿಗೆ ಎರಡು ಕಾಲಂ ಸೇರಿಸಿದೆ: ದಾರಿ ಇದೆಯಾ, ಡೀಸೆಲ್ ಎಷ್ಟು ಹೊತ್ತಿಗೆ ಬರುತ್ತದೆ. ಒಂದೊಂದು ಸಾಲಿಗೂ ಯಾವಾಗಿನ ಮಾಹಿತಿ ಅಂತ ಸಮಯ ಹಾಕುತ್ತಿದ್ದೆ. ಬೆಳಿಗ್ಗೆಯ ಸುದ್ದಿ ಮಧ್ಯಾಹ್ನಕ್ಕೆ ಸುಳ್ಳಾಗುತ್ತಿತ್ತು.

ಮೇಲಿನವರಿಗೆ ಮಾತ್ರ ಶೇಕಡಾ ಎಷ್ಟು ಟವರ್ ನಡೀತಿವೆ ಅನ್ನುವ ಲೆಕ್ಕವೇ ಇಷ್ಟ. ಜಿಲ್ಲೆಗೆಲ್ಲ ಒಂದೇ ಸಂಖ್ಯೆ ಕೊಟ್ಟರೆ ಏನು ತಿಳಿಯುತ್ತದೆ? ಕುಶಾಲನಗರದಂಥ ಊರಲ್ಲಿ ಒಂದು ಟವರ್ ಹೋದರೆ ಪಕ್ಕದ್ದು ಹಿಡಿಯುತ್ತದೆ. ಬೆಟ್ಟದ ಹಳ್ಳಿಗಳಲ್ಲಿ ಎಷ್ಟೋ ಕಡೆ ಇರುವುದೇ ಒಂದು. ಆದ್ದರಿಂದ ಶೇಕಡಾ ಕೆಳಗೆ ಪೂರ್ತಿ ಸಿಗ್ನಲ್ ಇಲ್ಲದ ಊರುಗಳ ಹೆಸರು ಬರೆಯುತ್ತಿದ್ದೆ. ಜಿಲ್ಲಾಡಳಿತದವರು ಕೇಳುತ್ತಿದ್ದದ್ದೂ ಅದನ್ನೇ.

ಹಸಿರು ಚುಕ್ಕಿಯನ್ನೂ ಪೂರ್ತಿ ನಂಬುವಂತಿಲ್ಲ. ಜೋರು ಮಳೆಗೆ ಮೈಕ್ರೋವೇವ್ ಲಿಂಕ್, ಅಂದರೆ ತಂತಿಯಿಲ್ಲದೆ ಟವರ್‌ನಿಂದ ಟವರ್‌ಗೆ ಇರುವ ರೇಡಿಯೋ ಸಂಪರ್ಕ, ಹೋಗಿ ಬಂದು ಮಾಡುತ್ತದೆ. ಅಂಥದ್ದು ಅರ್ಧ ಗಂಟೆ ಕಡಿಯದೆ ನಡೆದು, ಅದರ ಮೂಲಕ ಕರೆಗಳು ಹೋಗುತ್ತಿರುವುದು ಕಂಡ ಮೇಲೇ "ಸರಿಯಾಗಿದೆ" ಅಂತ ಬರೆಯುತ್ತಿದ್ದೆ.

ಡೀಸೆಲ್ ತಲುಪದ ಕಡೆ 4ಜಿ ನಿಲ್ಲಿಸಿ ಬರೀ 2ಜಿ ಉಳಿಸಿದೆವು. ಬ್ಯಾಟರಿ ಇನ್ನೊಂದಿಷ್ಟು ಹೊತ್ತು ಬರುತ್ತದೆ, ಮಾತಾಡಲು ಅಷ್ಟು ಸಾಕು. ವಾಟ್ಸಾಪ್ ಬರ್ತಿಲ್ಲ ಅಂತ ದೂರು ಶುರುವಾಯಿತು. ದೂರು ಬರದೆ ಇರುತ್ತಾ? ಹಾಗಾಗಿ ವರದಿಯಲ್ಲಿ ಆ ಟವರ್‌ಗಳ ಮುಂದೆ "ಡೇಟಾ ನಾವೇ ನಿಲ್ಲಿಸಿದ್ದು, ಕರೆ ಹೋಗುತ್ತದೆ" ಅಂತ ಬರೆದು, ಗ್ರಾಹಕರ ಕರೆ ತೆಗೆಯುವವರಿಗೂ ಅದೇ ಸಾಲು ಕಳಿಸಿದೆ.